ರಿಪೇರಿಗೆ ಹೆಸರಿಲ್ಲ

ಗುಡಿಯ ಮಾಳಿಗೆ ಸೋರಿದರೆ ಜೀರ್ಣೋದ್ಧಾರ, ಶಾಲೆಯದು ಸೋರಿದರೆ ರಿಪೇರಿ. ಮೊದಲನೆಯದಕ್ಕೆ ಪುಣ್ಯವುಂಟು, ಗೋಡೆಯಲ್ಲಿ ಹೆಸರಿನ ಕಲ್ಲುಂಟು. ಎರಡನೆಯದಕ್ಕೆ ಸರ್ಕಾರ ಬರಬೇಕು. ಎಪ್ಪತ್ತರ ದಶಕದ ಕೊನೆಗೆ ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆಲ್ಲುತ್ತಿದ್ದಾಗ, ಐಹೊಳೆ ಕಡೆಯ ನಮ್ಮೂರಿನ ಬುದ್ಧಿ ಇಷ್ಟೇ ಇತ್ತು.

ಊರ ಶಾಲೆಯಲ್ಲಿ ಏಳನೇ ಇಯತ್ತೆಯ ಕೋಣೆ ಸೋರುತ್ತಿತ್ತು. ಮಳೆಗೆ ಮುಂಚೆ ಸರಿ ಮಾಡದಿದ್ದರೆ ಆ ಇಯತ್ತೆಯನ್ನು ಹಳ್ಳದಾಚೆಯ ಊರಿಗೆ ಒಯ್ಯುತ್ತೇವೆಂದು ತಪಾಸಣೆಗೆ ಬಂದ ಸಾಹೇಬರು ಹೇಳಿ ಹೋಗಿದ್ದರು. ನನ್ನ ತಂಗಿ ಆಗಷ್ಟೇ ಆರು ಪಾಸಾಗಿದ್ದಳು.

"ಹೆಣ್ಣಹುಡುಗಿ ಹಳ್ಳಾ ದಾಟಿ ಹೋಗೂದು ಬ್ಯಾಡ," ಎಂದ ಅಪ್ಪ. ಮುಗಿಯಿತು.

ಬೇಕಿದ್ದದ್ದು ಒಂದು ತೊಲೆ, ಮೇಲೆ ಹಾಕಲು ಮಣ್ಣು. ಬೇಸಿಗೆ ಬಂತೆಂದರೆ ತಪ್ಪದೆ ತಮ್ಮ ತಮ್ಮ ಮನೆ ಮಾಳಿಗೆಗೆ ಮಣ್ಣು ಹಾಕಿಸುವ ಜನವೇ ಇವರು! ಬೇಸಿಗೆ ಸೂಟಿಗೆ ಊರಿಗೆ ಬಂದಿದ್ದ ನಾನು ಶಾಲಾ ಕಮಿಟಿಯ ಹಿರಿಯ ಗೌಡನನ್ನು ಕಟ್ಟೆಯ ಮೇಲೆ ಹಿಡಿದೆ.

"ಗೌಡ್ರ, ನಿಮ್ಮನಿ ಸೋರಿದ್ರ ಸರ್ಕಾರಕ್ಕ ಅರ್ಜಿ ಹಾಕ್ತೀರೇನ್ರಿ?"

"ಸಾಲಿ ನಂದೇನಲೇ? ರಿಪೇರಿಗೆ ಕೊಟ್ಟಾಂವನ್ನ ಯಾರ ನೆನಿತಾರ?"

"ಹಂಗಾದ್ರ ಜೀರ್ಣೋದ್ಧಾರ ಅನ್ರಿ. ನಿಮ್ಮ ಹೆಸರ ಕೆತ್ತಸ್ರಿ."

ನಾನು ಚುಚ್ಚಿದ್ದು; ಅವನಿಗೆ ಅದು ಸಲಹೆಯಾಗಿ ಕೇಳಿಸಿತು. "ಭಲೇ! ನಿಮ್ಮಪ್ಪ ನಿನ್ನ ಕಾಲೇಜ ಕಲಿಸಿದ್ದು ಇವತ್ತ ಕೆಲಸಕ್ಕ ಬಂತ ನೋಡು."

ಊರಲ್ಲಿ ವಂತಿಗೆಯ ಪಟ್ಟಿ ಎತ್ತಿದರು. ಕೇಳಿದವರೆಲ್ಲ ಕೊಟ್ಟರು, ಜೀರ್ಣೋದ್ಧಾರವಲ್ಲವೇ! ತೊಲೆಗಿಂತ ಮೊದಲು ಇಳಕಲ್ಲಿನಿಂದ ಕೆಂಪು ಕಲ್ಲು ಬಂತು; ನೆತ್ತಿಗೆ 'ಜೀರ್ಣೋದ್ಧಾರ' ಎಂದು, ಕೆಳಗೆ ತುಂಬ ಹೆಸರು. ಕಲ್ಲು ಕೂಡಿಸಲು ಮುಹೂರ್ತ, ಮುಹೂರ್ತಕ್ಕೆ ಹಂದರ, ಹಂದರಕ್ಕೆ ಗೋಧಿ ಹುಗ್ಗಿ. ಊರೆಲ್ಲ ಕೂತು ಉಂಡಿತು.

"ತೊಲಿ ಎಲ್ಲೈತ್ರಿ?" ಎಂದು ಗೌಡನನ್ನು ಕೇಳಿದೆ.

"ಊಟದಾಗ ಎಂಥಾ ಅಪಶಕುನ ಮಾತಾಡ್ತಿಯೋ! ಇನ್ನೊಂದ ಪಟ್ಟಿ ಎತ್ತೂಣಂತ."

ಎರಡನೇ ಪಟ್ಟಿ ಏಳಲಿಲ್ಲ; ಹೆಸರು ಆಗಲೇ ಕೆತ್ತಿಯಾಗಿತ್ತಲ್ಲ. ಮೊದಲ ದೊಡ್ಡ ಮಳೆಗೆ ಮಾಳಿಗೆ ಕುಸಿಯಿತು. ಶಾಲೆಗೆ ಇನ್ನೂ ಸೂಟಿ ಇತ್ತು, ಮಕ್ಕಳು ಉಳಿದರು. ಮುಂದಿನ ಗೋಡೆಯೂ ಅದರೊಳಗಿನ ಕಲ್ಲೂ ನೆಟ್ಟಗೆ ನಿಂತಿದ್ದವು. ಏಳನೇ ಇಯತ್ತೆ ಹಳ್ಳ ದಾಟಿತು.

ಮನೆಗೆ ಬಂದು ಊರನ್ನೆಲ್ಲ ಬೈಯುತ್ತಿದ್ದೆ. ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಕಲ್ಲಿನ್ಯಾಗ ಸುಳ್ಳ ಬರದಾರಂತ ಯಾಕ ಬೈತಿಯೋ ಅಣ್ಣಾ? ಅರ್ಧಾ ಖರೇನ ಐತಿ. ಜೀರ್ಣ ಆತು. ಉದ್ಧಾರ ಅಷ್ಟ ಉಳೀತು."

ಚರ್ಚೆಯಲ್ಲಿ ನನ್ನ ಬಾಯಿ ಮುಚ್ಚಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ವಾರ ಅವಳ ಶಾಲೆಯ ಪಾಟಿಚೀಲದಲ್ಲಿ ಅವ್ವ ಬೆಳ್ಳುಳ್ಳಿ ತುಂಬಿ ಗೂಟಕ್ಕೆ ಸಿಕ್ಕಿಸಿದಳು.