ನನ್ನದಲ್ಲದ ಹಾಡಿಗೆ ಸಹಿ

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಅಮೆರಿಕದ ಬೆಲ್‌ವ್ಯೂದಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಕೇಬಲ್ ಟಿವಿಯ ಸಾರ್ವಜನಿಕ ಚಾನೆಲ್‌ಗೆ ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮ ಮಾಡಿಕೊಡುತ್ತಿದ್ದೆ. ಯಾರು ಬೇಕಾದರೂ ಬಂದು ಏನು ಬೇಕಾದರೂ ಹೇಳಬಹುದಾದ ಚಾನೆಲ್ ಅದು. ಮಾತಿನ ಸ್ವಾತಂತ್ರ್ಯ ಸಂವಿಧಾನ ಕೊಟ್ಟದ್ದು, ಕತ್ತರಿ ಹಾಕಲು ತಾನು ಯಾರು ಎನ್ನುತ್ತಿದ್ದಳು ಸ್ಟುಡಿಯೊ ಮ್ಯಾನೇಜರ್. ನಮಗಿಂತ ಮೊದಲಿನ ಅರ್ಧ ಗಂಟೆ, ತಲೆಗೆ ಅಲ್ಯೂಮಿನಿಯಂ ಪಾತ್ರೆ ಕವಿಚಿಕೊಂಡು ಸರ್ಕಾರವನ್ನು ಬೈಯುವವನದು. ಅವನಿಗೆ ಯಾವ ಅಡ್ಡಿಯೂ ಬರಲಿಲ್ಲ.

ಅಡ್ಡಿ ಬಂದದ್ದು ಅಜ್ಜಿಗೆ. ನಾವಿದ್ದ ಟೋಟೆಮ್ ಲೇಕ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಾಕೆಯ ತಾಯಿ; ಗದಗಿನ ಕಡೆಯವರು, ಮಗಳನ್ನು ನೋಡಲು ಬಂದಿದ್ದರು. ಅವರಿಂದ ಬೀಸುವ ಪದ ಹಾಡಿಸಿದೆವು. ಕೈ ತಿರುಗದಿದ್ದರೆ ಪದ ಬರುವುದಿಲ್ಲ ಎಂದರು. ಬೀಸುಕಲ್ಲು ಎಲ್ಲಿಂದ ತರುವುದು? ಮ್ಯಾನೇಜರ್ ತನ್ನ ತಿರುಗುವ ಕುರ್ಚಿಯನ್ನೇ ತಂದಿಟ್ಟಳು. ಅದನ್ನು ಗರಗರ ತಿರುಗಿಸುತ್ತ ಹಾಡಿದರು. ಪ್ರಸಾರ ಗುರುವಾರ, ಅವರ ವಿಮಾನ ಶನಿವಾರ. ಹೋಗುವ ಮುಂಚೆ ತಮ್ಮನ್ನು ಟಿವಿಯಲ್ಲಿ ನೋಡಬೇಕೆಂಬುದು ಅವರ ಒಂದೇ ಆಸೆ.

ಸೋಮವಾರ ಹತ್ತಿರದ ಊರು ಕೆಂಟ್‌ನಿಂದ ಕನ್ನಡ ಕ್ಯಾಸೆಟ್ ವ್ಯಾಪಾರಿಯೊಬ್ಬ ಸ್ಟುಡಿಯೊಕ್ಕೆ ದೂರು ಕೊಟ್ಟ. ನನಗೂ ಫೋನ್ ಮಾಡಿದ.

"ಸಾರ್, ಪ್ರೋಮೋ ನೋಡ್ದೆ. ಆ ಸಾಂಗ್ ನಮ್ಮ ಕ್ಯಾಸೆಟ್‌ನಲ್ಲಿದೆ. ರೈಟ್ಸ್ ನಮ್ದು."

"ಅದು ಜನಪದ ಅಲ್ವಾ?"

"ಜನ ಬೇರೆ, ರೈಟ್ಸ್ ಬೇರೆ ಸಾರ್."

ಕರ್ತೃವಿನ ಹಕ್ಕು ಸೀಮಿತ ಕಾಲಕ್ಕೆ ಮಾತ್ರ ಎಂದು ಇದೇ ಸಂವಿಧಾನದಲ್ಲಿದೆ ಎಂದು ಮ್ಯಾನೇಜರ್‌ಗೆ ತೋರಿಸಿದೆ. ಒಪ್ಪಿದಳು. ಹಾಡು ಎಷ್ಟು ಹಳೆಯದು ಎಂದಳು. ಅಜ್ಜಿಯನ್ನು ಕೇಳಿದೆ.

"ಜ್ವಾಳ ಎಷ್ಟು ಹಳೇದೈತಿ, ತಮ್ಮಾ?"

ಅದನ್ನು ಅನುವಾದಿಸಿದೆ. ಸಾಲಲಿಲ್ಲ. ಹಾಡಿದವರು 'ಇದು ನನ್ನ ಸ್ವಂತದ್ದು' ಎಂಬ ಕಾಗದಕ್ಕೆ ಸಹಿ ಮಾಡಿದರೆ ಪ್ರಸಾರ ಮಾಡುತ್ತೇನೆ, ವ್ಯಾಪಾರಿ ಬೇಕಾದರೆ ಕೋರ್ಟಿಗೆ ಹೋಗಲಿ ಎಂದಳು. ಮಗಳು ಪೆನ್ನು ಹಿಡಿದು ನಿಂತಳು.

"ಅವ್ವಾ, ಸುಮ್ನ ಸಹಿ ಮಾಡು. ಯಾರು ಕೇಳ್ತಾರ?"

"ನಮ್ಮವ್ವ ಕೇಳ್ತಾಳ. ಆಕಿ ಹೇಳಿಕೊಟ್ಟ ಪದ. ಆಕಿಗೆ ಅವರವ್ವ. ಕಲಿತ ಪದಕ್ಕ ನಂದು ಅಂದ್ರ ಬಾಯಿ ಬೀಳ್ತೈತಿ."

"ಹಂಗಾರ ಟಿವಿಯಾಗ ಬರಂಗಿಲ್ಲ."

"ಬರೋದು ಬ್ಯಾಡ."

ಎಂದವರು ಆ ಬಳಿಕ ಊಟ ಬಿಟ್ಟು ಗೋಡೆ ನೋಡುತ್ತ ಕೂತರು.

ಬುಧವಾರ ಮ್ಯಾನೇಜರ್ ದಾರಿ ಹೇಳಿದಳು: ಹಾಡು ಬೇಡ, ಮಾತಾಡಲಿ. ಮಾತನ್ನು ಯಾರೂ ತಡೆಯುವಂತಿಲ್ಲ. ಅಜ್ಜಿ ಒಪ್ಪಿ ಕ್ಯಾಮೆರಾದ ಮುಂದೆ ಕುಳಿತರು. ಏನು ಮಾತಾಡಬೇಕೆಂದು ತೋಚದೆ ಕೈ ತಾನಾಗಿ ಪಕ್ಕದ ಕುರ್ಚಿಗೆ ಹೋಯಿತು. ಕುರ್ಚಿ ತಿರುಗಿತು. ಬೀಸುವಾಗ ನಾದಿನಿಯರನ್ನು ಕೂತಲ್ಲೇ ಪದ ಕಟ್ಟಿ ಬೈಯುವುದು ಅವರ ಕಡೆಯ ರೂಢಿ.

"ಕ್ಯಾಸೆಟ್ಟ ಮಾರಾಂವ ಬೀಸಾಕ ಬರಲಿಲ್ಲ
ಬೀಸಿದ ಹಿಟ್ಟೆಲ್ಲ ತನ್ನದಂದ, ನಮ್ಮವ್ವ
ಬೀಸ್ವಾಗ ಇವ ಎಲ್ಲಿ ಮಲಗಿದ್ದ?"

ಹೀಗೆ ಅರ್ಧ ಗಂಟೆ. ವ್ಯಾಪಾರಿಯ ಮೀಸೆ, ಅಂಗಡಿ, ಅವನಿಗೆ ಹೆಣ್ಣು ಕೊಟ್ಟವರು, ಯಾವುದೂ ಉಳಿಯಲಿಲ್ಲ. ಅವನನ್ನು ಅವರು ಕಂಡೇ ಇರಲಿಲ್ಲ.

ಮ್ಯಾನೇಜರ್ ಅಳುಕುತ್ತ ಅದೇ ಕಾಗದ ಮುಂದಿಟ್ಟಳು. ಇದು ಯಾರದ್ದು ಎಂದು ಕೇಳುತ್ತಿದ್ದಾಳೆ ಎಂದೆ.

"ಬೈದದ್ದಾ? ಅದು ನಂದ. ತಾ ಪೆನ್ನ," ಎಂದು ಅಜ್ಜಿ ದೊಡ್ಡಕ್ಷರದಲ್ಲಿ ಸಹಿ ಮಾಡಿದರು.

ಗುರುವಾರ ಎಲ್ಲರೂ ಬೇಗನೆ ಟಿವಿ ಮುಂದೆ ಕೂತೆವು. ಪಾತ್ರೆ ಕವಿಚಿಕೊಂಡವನು ಇನ್ನೂ ಕೂಗಾಡುತ್ತಿದ್ದ.

"ಇಂವ ಯಾರಿಗೆ ಬೈಯಾಕತ್ತಾನ, ತಮ್ಮಾ?"

"ಸರ್ಕಾರಕ್ಕೆ, ಅಜ್ಜಿ."

ಅವರು ಸೆರಗು ಸರಿಮಾಡಿಕೊಂಡು, ತಮ್ಮ ಸರದಿಗೆ ಕಾಯುತ್ತ ಅವನನ್ನೇ ನೋಡಿದರು.

"ಸಹಿ ಮಾಡ್ಯಾನೇನು?"