ಅತ್ತಿ ಹಿಂದಿ ಕಲಿತದ್ದು

ನಮ್ಮ ಸೋದರತ್ತೆ ಯಡ್ರಾಮಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಆ ಕೆಲಸ ಬಿಟ್ಟು ತಾಲೂಕು ಪಂಚಾಯಿತಿಗೆ ನಿಂತು ಗೆದ್ದಳು. ಆಮೇಲೆ ವಿಧಾನಸಭೆಗೆ, ಅಲ್ಲಿ ಒಂದು ಅವಧಿ ಮುಗಿಸಿ ಸಂಸತ್ತಿಗೆ. ಫಲಿತಾಂಶ ಬಂದ ಮೂರನೇ ದಿನ, ಕಿವಿಯ ಹಿಂದೆ ಇನ್ನೂ ಗುಲಾಲು ಇಟ್ಟುಕೊಂಡೇ ಜೇವರ್ಗಿಯ ನಮ್ಮ ಮನೆಗೆ ಬಂದಳು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ.

"ನನಗ ಹಿಂದಿ ಕಲಿಸ್ಬೇ," ಅಂದಳು.

"ನಿನಗ ಬರ್ತದಲ್ಲ ಅತ್ತಿ. ಸಂತ್ಯಾಗ ಎಷ್ಟ್ ಛಂದ ಮಾತಾಡ್ತಿ."

"ಅದು ನಮ್ಮ ಕಡಿ ಮಾತು. ದಿಲ್ಲಿಯವರದು ಬ್ಯಾರೆ ಇರ್ತದ."

ಶುರುವಾಯಿತು. ದಿಲ್ಲಿಗೆ ಹೋದ ಮೇಲೂ ಬೆಳಿಗ್ಗೆ ಫೋನಿನಲ್ಲಿ ಪಾಠ. ನಾನು ಲಿಂಗ, ವಚನ ತಿದ್ದುತ್ತಿದ್ದೆ; ಅವಳು ಮತ್ತೆ ತಪ್ಪುತ್ತಿದ್ದಳು. ಆದರೆ ಪತ್ರಿಕೆ ಓದಿ ಹೇಳಿದರೆ ಒಂದು ಶಬ್ದವನ್ನೂ ಬಿಡದೆ ಅರ್ಥ ಕೇಳುತ್ತಿದ್ದಳು. ಮೊದಲ ಭಾಷಣಕ್ಕೆ ತಯಾರಿ ನಡೆದಿದೆ ಅಂದುಕೊಂಡೆ. ಅವಳು ಸಭೆಯಲ್ಲಿ ಹೇಗೆ ಮಾತಾಡಿಯಾಳು ಎಂಬ ಕುತೂಹಲ ತಡೆಯದೆ ರಜೆ ಹಾಕಿ ರೈಲು ಹತ್ತಿದೆ.

ಸಂಸತ್ತಿನಲ್ಲಿ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆ. ಅವಳ ಹೆಸರು ಕರೆದರು. ಎದ್ದು ಶುರು ಮಾಡಿದ್ದು ಕನ್ನಡದಲ್ಲಿ! ದುಭಾಷಿ ಸಿದ್ಧವಿರಲಿ ಎಂದು ಮೊದಲೇ ಚೀಟಿ ಕೊಟ್ಟಿದ್ದಳಂತೆ, ನನಗೆ ಹೇಳಿರಲಿಲ್ಲ. ನಮ್ಮೂರ ಹತ್ತಿರದ ಇಜೇರಿಯ ಕಡೆ ಅಂಗನವಾಡಿ ಒಬ್ಬರ ದನದ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ನಡೆಯುವುದನ್ನು, ಮಳೆ ಬಂದರೆ ಮಕ್ಕಳನ್ನು ಮನೆಗೆ ಕಳಿಸುವುದನ್ನು ಹೇಳಿದಳು. ಕಟ್ಟಡ ಕೇಳಿದಳು.

ಮಂತ್ರಿಗಳು ಹಿಂದಿಯಲ್ಲಿ ಸಾವಕಾಶವಾಗಿ ಉತ್ತರ ಕೊಟ್ಟರು. ಇದು ರಾಜ್ಯ ಸರ್ಕಾರದ ಹೊಣೆ ಅನ್ನುವುದು ಅದರ ಸಾರ. ಅವರ ಪಕ್ಕದಲ್ಲಿ ಕೂತವರೆಲ್ಲ ತಲೆ ಆಡಿಸಿದರು. ಅತ್ತಿ ಮತ್ತೆ ಎದ್ದಳು. ಈ ಸಲ ಹಿಂದಿ. ನಾನು ತಿಂಗಳುಗಟ್ಟಲೆ ತಿದ್ದಿದ್ದೆಲ್ಲ ಗಾಳಿಗೆ ಹೋಯಿತು.

"ವಹಾಂ ಪೂಛೇ ತೋ ದಿಲ್ಲಿ ಬೋಲೇ, ಯಹಾಂ ಪೂಛೇ ತೋ ರಾಜ್ಯ ಬೋಲ್ತೇ. ಬಚ್ಚೇ ಕಹಾಂ ಬೈಟ್ನಾ ಸಾಬ್?"

ಅಲ್ಲಿ ಕೇಳಿದರೆ ದಿಲ್ಲಿಯತ್ತ ತೋರಿಸುತ್ತಾರೆ, ಇಲ್ಲಿ ಕೇಳಿದರೆ ರಾಜ್ಯದತ್ತ, ಮಕ್ಕಳು ಕೂಡೋದೆಲ್ಲಿ? ವಿಧಾನಸಭೆಯಲ್ಲಿ ಇದೇ ಪ್ರಶ್ನೆಗೆ ದಿಲ್ಲಿಯ ಹೆಸರು ಕೇಳಿಸಿಕೊಂಡು ಬಂದವಳು ಅವಳು. ಸಭೆ ನಕ್ಕಿತು. ಮಂತ್ರಿಗಳು ನಗಲಿಲ್ಲ. ಹಿಂದೆ ಕೂತ ಅಧಿಕಾರಿಯತ್ತ ತಿರುಗಿ ಏನೋ ಕೇಳಿ, ಎರಡೂ ಕಡೆಯವರನ್ನು ಕೂಡಿಸಿ ಮಾತಾಡುವೆ ಅಂದರು.

ಹೊರಗೆ ಬಂದಾಗ ಕೇಳಿದೆ: "ಮತ್ತ ಇಷ್ಟ್ ದಿನ ಯಾಕ ಕಲ್ತಿ?"

"ಅವರು ಜಾರಿಕೊಳ್ಳೋದು ತಿಳೀಬೇಕಿತ್ತು. ದುಭಾಷಿ ಹೇಳೂತನಕ ಕಾದ್ರ ನನ್ನ ಪಾಳಿ ಮುಗೀತಿತ್ತು."

ಕೆಲವು ಊರುಗಳಿಗೆ ಕಟ್ಟಡ ಬಂದವು, ಕೆಲವಕ್ಕೆ ಇಲ್ಲ. ಎರಡನೇ ಸಲ ಪಕ್ಷ ಅವಳಿಗೆ ಟಿಕೆಟ್ ಕೊಡಲಿಲ್ಲ. ಎರಡು ವಾರ ಯಾರ ಫೋನನ್ನೂ ಎತ್ತಲಿಲ್ಲ, ನನ್ನದನ್ನೂ. ಆಮೇಲೆ ಹೊಸದಾಗಿ ಗೆದ್ದ ಪಂಚಾಯಿತಿ ಹೆಣ್ಣುಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಲು ಆಳಂದ, ಅಫಜಲಪುರ ತಿರುಗತೊಡಗಿದಳು.

ಹೋದ ತಿಂಗಳು ಮಾದನಹಿಪ್ಪರಗಾದ ಸಭೆಗೆ ನಾನೂ ಹೋಗಿದ್ದೆ. ಸೆರಗು ಹೊದ್ದ ಸದಸ್ಯೆಯೊಬ್ಬಳು ಕೇಳಿದಳು: "ಸಾಹೇಬ್ರು ಇಂಗ್ಲಿಷಿನ್ಯಾಗ ಹೇಳಿದ್ರ ಏನ್ ಮಾಡೋದ್ರಿ ಅಕ್ಕಾರ?"

"ತಿಳೀಲಿಲ್ಲ, ಕನ್ನಡದಾಗ ಹೇಳ್ರಿ ಅನ್ನು. ಈಗ ಎದ್ದು ಅಂದು ತೋರ್ಸು."

ಆಕೆ ಎದ್ದಳು. ಮೊದಲ ಸಲ ದನಿ ನನಗೂ ಕೇಳಿಸಲಿಲ್ಲ. ಅತ್ತಿ ಮೂರು ಸಲ ಹೇಳಿಸಿದಳು. ಮೂರನೆಯ ಸಲಕ್ಕೆ ಹೊರಗೆ ಜೀಪಿನಲ್ಲಿ ಒರಗಿದ್ದ ಡ್ರೈವರ್ ಎದ್ದು ಕೂತ.