ಲೋಟವನ್ನು ಬೆಳಕಿಗೆ ಹಿಡಿಯುವ ಚಟ

ನನಗೊಂದು ಚಟವಿದೆ. ಯಾರ ಮನೆಗೆ ಹೋದರೂ ಅವರು ಕೊಟ್ಟ ನೀರಿನ ಲೋಟವನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಕುಡಿಯುತ್ತೇನೆ. ಲೋಟ ಸ್ಟೀಲಿನದಾಗಿದ್ದರೂ ಎತ್ತುತ್ತೇನೆ. ಸ್ಟೀಲಿನ ಮೂಲಕ ಏನೂ ಕಾಣುವುದಿಲ್ಲವೆಂದು ನನ್ನ ಹೆಂಡತಿ ಹಲವು ಸಲ ತಿಳಿಸಿ ಹೇಳಿದ್ದಾಳೆ. ಅದು ನನಗೂ ಗೊತ್ತು, ಮೂವತ್ತು ವರ್ಷ ಜಮಖಂಡಿಯಲ್ಲಿ ವಿಜ್ಞಾನ ಕಲಿಸಿದವನು ನಾನು. ಹಾಗೆ ನೋಡದೆ ನೀರು ಕುಡಿದದ್ದು ಜೀವನದಲ್ಲಿ ಒಂದೇ ಸಲ. ಆ ಸಲ ಯಾಕೆ ನೋಡಲಿಲ್ಲ ಎಂಬುದನ್ನು ಹೇಳಲು ಹೊರಟಿದ್ದೇನೆ, ಪೂರಾ ಹೇಳಲಾದೀತೋ ಇಲ್ಲವೋ ತಿಳಿಯದು.

ನಾನು ಹುಟ್ಟಿದ್ದು ತೇರದಾಳದಲ್ಲಿ. ನಮ್ಮ ಪಕ್ಕದ ಜೈನರ ಮನೆಯಲ್ಲಿ ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯನ್ನು ಅದೇ ಬಾವಿಯ ನೀರಿನಿಂದ ತೊಳೆದು, ಆ ನೀರನ್ನು ನಿಧಾನವಾಗಿ ಬಾವಿಗೇ ಇಳಿಸುತ್ತಿದ್ದರು. ಬಟ್ಟೆಯಲ್ಲಿ ಸಿಕ್ಕ ಜೀವಗಳು ತಮ್ಮ ಮನೆಗೆ ತಾವು ಮರಳಬೇಕಂತೆ. ನೀರು ನಮ್ಮ ಹೊಟ್ಟೆಗೆ ಮಾತ್ರ ಸೇರಿದ್ದಲ್ಲ ಎಂಬುದು ನನ್ನ ತಲೆಯಲ್ಲಿ ಕೂತದ್ದು ಆಗ. ಆಮೇಲೆ ವಿಜ್ಞಾನ ಓದಿ, ಆ ಜೀವಗಳೆಲ್ಲ ನಮ್ಮನ್ನು ಮಲಗಿಸಲೆಂದೇ ಕಾಯುತ್ತಿವೆ ಎಂದೂ ಕಲಿತೆ. ಎರಡೂ ಮಾತುಗಳು ನನ್ನೊಳಗೆ ಈವರೆಗೆ ರಾಜಿಯಾಗಿಲ್ಲ.

ಪ್ರತಿ ವರ್ಷ ನಾನು ಕಪ್ಪು ಹಲಗೆಯ ಮೇಲೆ ನೀರಿನ ಶುದ್ಧಿಯ ಚಿತ್ರ ಬರೆಯುತ್ತಿದ್ದೆ. ಮೇಲೆ ಸಣ್ಣ ಉಸುಕು, ಕೆಳಗೆ ದಪ್ಪ ಉಸುಕು, ಅದರ ಕೆಳಗೆ ಹರಳು. ಪಕ್ಕದಲ್ಲಿ ಕೊಳೆಯನ್ನು ತಳಕ್ಕಿಳಿಸುವ ಪಟಕದ ಗುಣ, ನೀರು ತಿಳಿಯಾಗಲೆಂದು ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತಿಕ್ಕುವ ಹಳೆಯ ಪದ್ಧತಿ. ಕೊನೆಗೆ, ಏನೇ ಮಾಡಿದರೂ ಕುದಿಸದೆ ಕುಡಿಯಬೇಡಿ ಎಂಬ ಸಾಲಿಗೆ ಎರಡು ಗೆರೆ. ಆ ಗೆರೆಗಳನ್ನು ಎಳೆಯುವಾಗ ನನಗೆ ಬಹಳ ಸಮಾಧಾನವಾಗುತ್ತಿತ್ತು.

ಒಂದು ಸಲ ಜನಗಣತಿಯ ಕೆಲಸಕ್ಕೆ ನನ್ನನ್ನು ಬೀಳಗಿಯ ಕಡೆ ಹಾಕಿದರು. ಜೊತೆಗೆ ಬನಹಟ್ಟಿಯ ಈರಪ್ಪ, ನಮ್ಮ ಶಾಲೆಯಲ್ಲೇ ನೇಯ್ಗೆ ಕಲಿಸುವ ಮಾಸ್ತರ. ಅನಗವಾಡಿಯ ಆಚೆ ಗುಡ್ಡದ ಮೇಲಿನ ನಾಲ್ಕು ಗುಡಿಸಲುಗಳನ್ನು ಬರೆದುಕೊಂಡು, ಅಡ್ಡದಾರಿಯಲ್ಲಿ ಬೀಳಗಿ ಸೇರುವುದೆಂದು ನಾನೇ ನಿರ್ಧರಿಸಿದೆ. ಅಡ್ಡದಾರಿ ನನಗೆ ಗೊತ್ತಿರಲಿಲ್ಲ. ಇಬ್ಬರಿಗೂ ಇದ್ದ ಒಂದೇ ನೀರಿನ ಬಾಟಲಿಯನ್ನು ನಾನು ಬಸ್ಸಿನಲ್ಲೇ ಮರೆತಿದ್ದೆ. ಮಟಮಟ ಮಧ್ಯಾಹ್ನದ ಹೊತ್ತಿಗೆ ಈರಪ್ಪನ ಮಾತು ನಿಂತಿತು, ಆಮೇಲೆ ಬೆವರೂ ನಿಂತಿತು. ಒಂದು ಜಾಲಿಯ ಬುಡದಲ್ಲಿ ಕುಸಿದು ಕೂತವನು ನನ್ನನ್ನು ತನ್ನ ಅಣ್ಣನ ಹೆಸರಿನಿಂದ ಕರೆದ. ನನಗೆ ನಿಜಕ್ಕೂ ಭಯವಾಯಿತು. ದೂರದಲ್ಲಿ ಕೃಷ್ಣೆ ಹೊಳೆಯುತ್ತಿದ್ದಳು, ಆದರೆ ಅವನನ್ನು ಹೊತ್ತು ಅಷ್ಟು ದೂರ ಹೋಗುವುದು ನನ್ನಿಂದ ಆಗುವ ಮಾತಲ್ಲ.

ನೀರು ಹುಡುಕುತ್ತ ಹೋದವನಿಗೆ ಎರಡು ಕಡೆ ನೀರು ಸಿಕ್ಕಿತು. ಕಷ್ಟ ಶುರುವಾದದ್ದೇ ಅಲ್ಲಿ. ಕಲ್ಲು ಒಡೆದ ಕುಳಿಯಲ್ಲಿ ನಿಂತ ನೀರು ಕನ್ನಡಿಯಷ್ಟು ತಿಳಿ, ಆದರೆ ಒಂದು ಹುಳವೂ ಇಲ್ಲ. ಹುಳವಿಲ್ಲದ್ದು ನೀರು ಶುದ್ಧವಾಗಿದ್ದಕ್ಕೋ, ವಿಷವಾಗಿದ್ದಕ್ಕೋ? ಸ್ವಲ್ಪ ಆಚೆಯ ತಗ್ಗಿನಲ್ಲಿ ಪಾಚಿ ಕಟ್ಟಿದ ನೀರು, ತುಂಬ ಕಪ್ಪೆಗಳು. ಕಪ್ಪೆ ಬದುಕಿದ ನೀರಿನಲ್ಲಿ ಮನುಷ್ಯ ಬದುಕುತ್ತಾನೋ? ಕುದಿಸಿಬಿಡೋಣವೆಂದರೆ ಬೆಂಕಿಪೆಟ್ಟಿಗೆ ಇಲ್ಲ. ಈರಪ್ಪನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಹದಿನೈದು ದಿನ ಹಿಂದೆ, ಆರೋಗ್ಯದ ಕುರಿತು ಉದ್ದ ಭಾಷಣ ಮಾಡಿ ಅವನ ಬೀಡಿ ಬಿಡಿಸಿದವನು ನಾನೇ. ಎರಡು ನೀರುಗಳ ನಡುವೆ ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತೆನೋ ನೆನಪಿಲ್ಲ, ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎದುರಿಗೆ ಕುರಿ ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ನನ್ನ ಕಥೆ ಕೇಳಿ ಎರಡೂ ನೀರಿನ ಕಡೆ ನೋಡಲೂ ಇಲ್ಲ. ಈರಪ್ಪ ಕೂತಿದ್ದ ಜಾಲಿಯ ಹತ್ತಿರವೇ ಒಣಗಿದ ಹಳ್ಳವಿತ್ತು. ನನ್ನ ಜೊತೆ ಅಲ್ಲಿಗೆ ಬಂದವಳು ಅದರ ತಿರುವಿನಲ್ಲಿ ಮೊಣಕಾಲೂರಿ ಉಸುಕು ತೋಡತೊಡಗಿದಳು. ಮೊಳದಷ್ಟು ತೋಡಿದಾಗ ತಳದಲ್ಲಿ ಕೆಸರು ನೀರು ಜಿನುಗಿತು. ಇದಕ್ಕೆ ನಮ್ಮ ಕಡೆ ವರತಿ ಎನ್ನುತ್ತಾರೆ. ಮೊದಲ ನೀರನ್ನು ತನ್ನ ಬುತ್ತಿಯ ಬಟ್ಟಲಲ್ಲಿ ಮೊಗೆದು ಕುರಿಗಿಟ್ಟಳು. ಎರಡನೆಯದನ್ನೂ ಕುರಿಗೇ ಇಟ್ಟಳು. ಮೂರನೆಯದು ತಿಳಿಯಾಗಿ ಬಂತು. ಅದನ್ನು ಸೆರಗಿನ ಮಡಿಕೆಯಲ್ಲಿ ಸೋಸಿ ಈರಪ್ಪನ ತುಟಿಗೆ ಹಿಡಿದಳು. ಆಗ ನಾನು ಏನು ಮಾಡಿದೆ ಗೊತ್ತೇ? ಬಟ್ಟಲಿಗೆ ಕೈ ಅಡ್ಡ ಹಿಡಿದೆ.

"ಇದನ್ನ ಕುದಿಸಿಲ್ಲಬೇ" ಎಂದೆ.

ಮುದುಕಿ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. "ಹೊಟ್ಟಿ ಕೆಟ್ಟರ ನಾಳೆ ನೋಡ್ಕೋಳಾಕ ಬರ್ತೈತ್ರಿ ಮಾಸ್ತರ. ಮೊದಲ ಇಂವ ನಾಳೆ ತನಕ ಇರ್ಲಿ."

ಈರಪ್ಪ ಗುಟುಕು ಗುಟುಕಾಗಿ ಕುಡಿದ. ತಾಸಿನ ಮೇಲೆ ನನ್ನನ್ನು ನನ್ನ ಹೆಸರಿನಿಂದಲೇ ಕರೆದ. ನಾನು ಆ ನೀರಿನಿಂದ ಬರಿ ಬಾಯಿ ಮುಕ್ಕಳಿಸಿದೆ. ಒಂದು ಗುಟುಕು ಒಳಗೆ ಹೋಯಿತೋ, ಎಲ್ಲ ಹೊರಗೆ ಬಂತೋ ಹೇಳಲಾರೆ. ಸಂಜೆ ಬೀಳಗಿಯ ಒಂದು ಹೋಟೆಲಿನಲ್ಲಿ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು, ತಿಳಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು, ಮೂರು ಲೋಟ ಕುಡಿದೆ. ಮೂರನೆಯ ದಿನ ವಾಂತಿ ಭೇದಿ ಹಿಡಿದು ಹಾಸಿಗೆಗೆ ಬಿದ್ದೆ. ಈರಪ್ಪನಿಗೆ ಏನೂ ಆಗಲಿಲ್ಲ. ತಪ್ಪು ಹೋಟೆಲಿನ ನೀರಿನದೋ, ಆ ಒಂದು ಗುಟುಕಿನದೋ, ನಮ್ಮದೇ ಮನೆಯ ಗಡಿಗೆಯದೋ? ಮಲಗಿದಲ್ಲೇ ಲೆಕ್ಕ ಹಾಕಿದೆ, ಉತ್ತರ ಹತ್ತಲಿಲ್ಲ. ನಾನು ವರ್ಷ ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದ ಉಸುಕಿನ ಪದರಗಳ ಮೇಲೆಯೇ ಅಂದು ನೀರಿಲ್ಲವೆಂದು ತಿರುಗಾಡಿದ್ದು ಮಾತ್ರ ಹೊಳೆಯಿತು. ಹಾಗೆಂದು ಕುದಿಸಬೇಕು ಎಂಬುದು ಸುಳ್ಳೂ ಅಲ್ಲವಲ್ಲ.

ಮಾರನೆಯ ದಿನ ಈರಪ್ಪ ಬಂದ. ಬನಹಟ್ಟಿಯಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಒಂದು ತಾಮ್ರದ ತಂಬಿಗೆ ಇಟ್ಟುಕೊಂಡು, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದ.

"ನೀವು ಹೇಳಿದಂಗ ಕುದಿಸೀನ್ರಿ. ಗಡಿಯಾರ ಮುಂದಿಟ್ಕೊಂಡು."

ಅವನ ಅಂಗಿಯ ಜೇಬಿನಲ್ಲಿ ಬೆಂಕಿಪೆಟ್ಟಿಗೆ ಕಾಣುತ್ತಿತ್ತು. ನಾನು ಅದನ್ನೇ ನೋಡಿದೆ.

"ಬೀಡಿಗಲ್ರಿ" ಎಂದ. "ಮತ್ತ ಎಲ್ಲೆರ ಅಡವ್ಯಾಗ ಸಿಕ್ಕೊಂಡ್ರ, ನೀವು ಕುದಿಸದ ನೀರು ಕುಡ್ಯಂಗಿಲ್ಲಲಾ, ಅದಕ್ಕ."

ನಾನು ಅವನ ಬಾಯಿಯ ಮುಂದೆ ಕೈ ಅಡ್ಡ ಹಿಡಿದದ್ದನ್ನು ಅವನು ಮರೆತಿದ್ದನೋ, ನೆನಪಿದ್ದೂ ಹೀಗೆ ಹೇಳಿದನೋ, ಕೇಳುವ ಧೈರ್ಯವಾಗಲಿಲ್ಲ. ತಂಬಿಗೆಯ ನೀರಿಗೆ ಸಣ್ಣಗೆ ಹೊಗೆಯ ವಾಸನೆಯಿತ್ತು. ಕಟ್ಟಿಗೆಯ ಹೊಗೆಯೋ, ಬೀಡಿಯದೋ ಗೊತ್ತಾಗಲಿಲ್ಲ. ಕಿಟಕಿ ನನ್ನ ತಲೆಯ ಪಕ್ಕದಲ್ಲೇ ಇತ್ತು. ನಾನು ಆ ಕಡೆ ತಿರುಗದೆ ತಂಬಿಗೆಗೆ ಬಾಯಿ ಹಚ್ಚಿ, ತಳ ಕಾಣುವವರೆಗೆ ಕುಡಿದೆ.